ಆ ಕೋಣೆಯಲ್ಲಿ ಈಗ ಯಾರಿದ್ದಾರೆ?

ಜನವರಿ 24

ಅಕ್ಕಾ,

ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಒಂದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲ. ನಾನು ಹಲೋ ಅಂದ ಕೂಡಲೇ ಆ ಕಡೆ ನೀನು ಅಳುತ್ತೀಯ, ಭಾವ ಫೋನು ತೆಗೆದುಕೊಂಡು "ಆಮೇಲೆ ಮಾತಾಡು" ಅನ್ನುತ್ತಾರೆ. ಆಮೇಲೆ ಅನ್ನುವುದು ಬರುವುದೇ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನ ಮಗಳು, ನಮ್ಮ ಬುಗುರಿ, ನಿದ್ದೆಯಲ್ಲೇ ಹೋದಳು ಅಕ್ಕಾ. ಹೃದಯ ನಿಂತುಹೋಗಿದೆ. ಇಪ್ಪತ್ತಮೂರರ ಹುಡುಗಿಗೆ ಹಾಗಾಗುತ್ತದೆಯೇ ಅಂತ ನಾನೂ ಕೇಳಿದೆ. ಆಗುತ್ತದಂತೆ. ನೋವು ಗೊತ್ತೇ ಆಗಿರುವುದಿಲ್ಲವಂತೆ. ಅದೊಂದನ್ನು ಗಟ್ಟಿಯಾಗಿ ಹಿಡಿದುಕೊ.

ನನಗೆ ಇನ್ನೂ ನಂಬಲಾಗುತ್ತಿಲ್ಲ. ನಿನ್ನೆ ಕಾರ್ಖಾನೆಯಲ್ಲಿ ಒಂದು ಸೋಫಾದ ಬೆನ್ನಿಗೆ ಬಟ್ಟೆ ಎಳೆದು ಪಿನ್ನು ಹೊಡೆಯುತ್ತಿದ್ದೆ. ಜೇಬಿನಲ್ಲಿ ಫೋನು ನಡುಗಿತು. ಅವಳೇ ಇರಬೇಕು ಅಂತ ನಗುತ್ತಲೇ ತೆಗೆದೆ. ಊಟದ ಬಿಡುವಿನಲ್ಲಿ ದಿನಾ ಮಾಡುತ್ತಿದ್ದಳಲ್ಲ, ಕನ್ನಡಕದ ಅಂಗಡಿಗೆ ಬಂದ ಗಿರಾಕಿಗಳ ದನಿಯನ್ನು ಹಾಗೇ ಒಪ್ಪಿಸಲು. "ಮಾವ, ಇವತ್ತೊಬ್ರು ಕನ್ನಡಕ ಹಣೆ ಮೇಲೆ ಇಟ್ಕೊಂಡೇ ಕನ್ನಡಕ ಕಳೆದುಹೋಯ್ತು ಅಂತ ನನ್ ಮೇಲೆ ರೇಗಾಡಿದ್ರು. ನಾನು ಮಾತಾಡದೆ ಕನ್ನಡಿ ಹಿಡಿದೆ." ಫೋನಿನಲ್ಲಿ ಬೇರೆ ಯಾರೋ ಇದ್ದರು. ನಾನು ಇಟ್ಟುಬಿಟ್ಟೆ.

ಈ ಪರದೇಶದಲ್ಲಿ ನಮ್ಮೂರ ಕಡೆಯವರ ಸಂಘದ ಅಧ್ಯಕ್ಷರು ಮಾಡಿದ ಉಪಕಾರವನ್ನು ಹೇಗೆ ತೀರಿಸುವುದೋ ತಿಳಿಯದು. ನನ್ನ ಕಾರ್ಖಾನೆಯ ಯಜಮಾನರು ಅವರೇ, ಬುಗುರಿ ಇದ್ದ ಮನೆಯ ಮಾಲೀಕರು ಅವರೇ. ಅವಳನ್ನು ನಿನ್ನ ಬಳಿಗೆ ಕಳಿಸಿಕೊಡುವ ಓಡಾಟವನ್ನೆಲ್ಲ ಮೈಮೇಲೆ ಹಾಕಿಕೊಂಡು ಮಾಡಿದರು. ಸಂತಾಪ ಸಭೆಯಲ್ಲಿ ಮಾತಾಡುತ್ತಾ ಅತ್ತುಬಿಟ್ಟರು. ನೀನು ಅವರಿಗೊಂದು ಸಾಲು ಬರೆದರೆ ಚೆನ್ನ.

ಅವಳ ಬಟ್ಟೆಬರೆ ನನ್ನ ಹೆಂಡತಿ ಮಡಚಿಟ್ಟಿದ್ದಾಳೆ. ಕೋಣೆಗೆ ಆಗಲೇ ಹೊಸ ಬಣ್ಣ ಬಳಿಸುತ್ತಿದ್ದಾರೆ. ಆ ಬೀದಿಗೆ ಹೋಗಲು ನನಗೆ ಕಾಲು ಬರುವುದಿಲ್ಲ.

ಹೆಚ್ಚು ಯೋಚಿಸಬೇಡ. ಏನೂ ಕೇಳಬೇಡ. ಕೇಳಿದರೆ ಅವಳು ಬರುತ್ತಾಳೆಯೇ?

ನಿನ್ನ ತಮ್ಮ


ಫೆಬ್ರುವರಿ 9

ತಮ್ಮಾ,

ನೀನು ಬರೆದದ್ದು ಒಳ್ಳೆಯದಾಯಿತು. ಮನೆಗೆ ಬಂದವರೆಲ್ಲ ಹೋದರು. ಹೋಗುವಾಗ ಪ್ರತಿಯೊಬ್ಬರೂ "ಧೈರ್ಯ ತಂದ್ಕೊಳ್ಳಿ" ಅಂದರು, ಅಂಗಡಿಯಿಂದ ತರಬಹುದಾದ ಸಾಮಾನಿನ ಹಾಗೆ.

ನಿನಗೊಂದು ಮಾತು ಹೇಳಬೇಕು. ಪೆಟ್ಟಿಗೆ ತೆರೆದಾಗ ನನಗೆ ಮೊದಲು ಬಂದದ್ದು ಅಳು ಅಲ್ಲ, ಸಿಟ್ಟು. ಯಾರೋ ನನ್ನ ಮಗಳ ಕೆನ್ನೆಗೆ ಬಣ್ಣ ಹಚ್ಚಿ ಕಳಿಸಿದ್ದಾರೆ ಅನಿಸಿತು. ತುಟಿಗೂ. ನಾಟಕಕ್ಕೆ ಸಿದ್ಧ ಮಾಡಿದ ಹಾಗೆ. ಅವಳು ಯಾವತ್ತು ಮುಖಕ್ಕೆ ಬಣ್ಣ ಬಳಿದುಕೊಂಡವಳು? ಒದ್ದೆ ಬಟ್ಟೆ ತಂದು ಒರೆಸಿದೆ. ಬಣ್ಣ ಹೋಗಲಿಲ್ಲ. ಇನ್ನೊಮ್ಮೆ ಒರೆಸಿದೆ. ಬಟ್ಟೆ ನೋಡಿದರೆ ಬೆಳ್ಳಗೇ ಇತ್ತು. ನಾನು ಮತ್ತೆ ಒರೆಸಲು ಹೋದೆ. ನಿಮ್ಮ ಭಾವ ನನ್ನ ಕೈ ಹಿಡಿದುಕೊಂಡರು. "ಬಿಡೇ, ಅವಳಿಗೆ ನೋವಾಗತ್ತೆ" ಅಂದರು.

ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕೂತು ನನ್ನ ಕೂದಲು ನರೆತಿದೆ. ಜನ ಸುಳ್ಳು ಹೇಳುವ ಮುಂಚೆ ಒಂದು ಉಸಿರು ಎಳೆದುಕೊಳ್ಳುತ್ತಾರೆ, ಅದು ನನಗೆ ಕೇಳಿಸುತ್ತದೆ. ನಿನ್ನ ಕಾಗದದಲ್ಲೂ ಕೇಳಿಸಿತು.

ನಿದ್ದೆಯಲ್ಲಿ ಹೋದಳು ಅನ್ನುತ್ತೀಯ. ಆ ದಿನ ನಿನ್ನ ಹೆಂಡತಿ ನನಗೆ ಫೋನು ಮಾಡಿದಾಗ ಅಳುತ್ತಾ ಅಂದದ್ದು ಬೇರೆ. "ಬಾಗಿಲು ಒಡೀಬೇಕಾಯ್ತು ಅತ್ತಿಗೆ, ಬಾಗಿಲು ಒಡೀಬೇಕಾಯ್ತು" ಅಂತ. ಯಾವ ಬಾಗಿಲು? ಅವಳ ಜೊತೆಗಿದ್ದ ಸಲೂನಿನ ಹುಡುಗಿ ಎಲ್ಲಿದ್ದಳು? ಇಬ್ಬರು ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಯಾಕೆ?

ನಿಧಾನವಾಗಿ ಬರೆ. ಆದರೆ ಬರೆ. ನಿಮ್ಮ ಭಾವ ಮತ್ತೆ ಡ್ರೈವಿಂಗ್ ಶಾಲೆಗೆ ಹೋಗುತ್ತಿದ್ದಾರೆ. ಮನೆಯಲ್ಲಿ ಅವರು ಏನೂ ಕೇಳುವುದಿಲ್ಲ. ನಾನು ಇಬ್ಬರ ಪರವಾಗಿ ಕೇಳುತ್ತಿದ್ದೇನೆ.

ಅಕ್ಕ


ಫೆಬ್ರುವರಿ 27

ಅಕ್ಕಾ,

ನಿನ್ನ ಕಿವಿಗೆ ಯಾರು ಏನು ಹಾಕಿದರು? ಇಲ್ಲಿಂದ ಯಾರಾದರೂ ಫೋನು ಮಾಡಿದ್ದರೇ? ಇಲ್ಲಿ ನಮ್ಮವರಲ್ಲೇ ಅಧ್ಯಕ್ಷರನ್ನು ಕಂಡರಾಗದವರು ಇದ್ದಾರೆ. ಸಂಘದ ಚುನಾವಣೆಯಲ್ಲಿ ಸೋತವರು. ಅವರ ಮಾತು ನಂಬಬೇಡ.

ಬಾಗಿಲು ಅಂದರೆ ಕೋಣೆಯ ಬಾಗಿಲು. ಸಲೂನಿನ ಹುಡುಗಿ ಕೆಲಸಕ್ಕೆ ಹೋದ ಮೇಲೆ ಬುಗುರಿ ಚಿಲಕ ಹಾಕಿಕೊಂಡು ಮತ್ತೆ ಮಲಗಿರಬೇಕು. ರಜೆಯ ದಿನ. ನನ್ನ ಹೆಂಡತಿಗೆ ಆ ಹೊತ್ತಿನಲ್ಲಿ ಏನು ಹೇಳುತ್ತಿದ್ದೇನೆ ಅಂತ ಪ್ರಜ್ಞೆಯೇ ಇರಲಿಲ್ಲ. ಕೆನ್ನೆಯ ವಿಷಯ ನನಗೆ ಗೊತ್ತಿಲ್ಲ. ಇಲ್ಲಿ ಕಳಿಸುವ ಮುಂಚೆ ಏನೇನೋ ಔಷಧಿ ಹಾಕುತ್ತಾರೆ.

ನೀನು ಯಾರ ಮೇಲೆ ಅನುಮಾನ ಪಡುತ್ತಿದ್ದೀಯೋ ನನಗೆ ಅರ್ಥವಾಗುತ್ತದೆ, ಆದರೆ ಸ್ವಲ್ಪ ನನ್ನ ಕಡೆಯೂ ನೋಡು. ನಾನು ಇಲ್ಲಿರುವುದು ಅವರು ಕೊಟ್ಟ ಕೆಲಸದಿಂದ. ಮನೆ, ಮಕ್ಕಳ ಶಾಲೆ, ಇಲ್ಲಿ ಉಳಿಯುವ ಪರವಾನಗಿ, ಎಲ್ಲ ಆ ಒಂದು ಕೆಲಸಕ್ಕೆ ಗಂಟು ಹಾಕಿಕೊಂಡಿದೆ. ಬುಗುರಿಗೆ ಆ ಮನೆ ಕೊಡಿಸಿದವನೂ ನಾನೇ. ನಮ್ಮವರ ಮನೆ, ಹೆಣ್ಣುಮಕ್ಕಳಿಗೆ ಭದ್ರ ಅಂತ. ಅವರೂ ಇಲ್ಲ ಅನ್ನಲಿಲ್ಲ.

ಒಂದು ಸಾಲು ಅವರಿಗೆ ಬರೆ ಅಂದಿದ್ದೆ. ಬರೆಯಲಿಲ್ಲ ನೀನು. ಮೊನ್ನೆ ಅವರೇ ಕೇಳಿದರು, "ನಿಮ್ಮಕ್ಕ ಏನಾದ್ರೂ ಅಂದ್ರಾ?" ಅಂತ. ಸಮಾಧಾನವಾಗಿದ್ದಾರೆ ಅಂದೆ.

ಸಮಾಧಾನವಾಗಿರು ಅಕ್ಕಾ. ದಮ್ಮಯ್ಯ.

ತಮ್ಮ


ಮಾರ್ಚ್ 12

ತಮ್ಮಾ,

ನೀನು ಯಾರನ್ನೋ ಕಾಪಾಡುತ್ತಿದ್ದೀಯ ಅಂತ ಗೊತ್ತಾಯಿತು. ಯಾರನ್ನು ಅಂತಲೂ ಗೊತ್ತಾಯಿತು. ನನ್ನನ್ನು.

ನಿನ್ನ ಅಧ್ಯಕ್ಷರ ಮೇಲೆ ನನಗೆ ಯಾವ ಅನುಮಾನವೂ ಇಲ್ಲ. ಆ ಮನುಷ್ಯ ನನಗೇನು ಮಾಡಿದ್ದಾರೆ? ಬುಗುರಿ ಅವರಿಗೆ ಮೈಕಪ್ಪ ಅಂತ ಹೆಸರಿಟ್ಟಿದ್ದಳು, ಕೈಗೆ ಮೈಕು ಸಿಕ್ಕರೆ ಬಿಡುವುದಿಲ್ಲ ಅಂತ. ಅಷ್ಟೇ ನನಗೆ ಗೊತ್ತಿರುವುದು.

ನಮ್ಮ ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳಿದೆ. ನನ್ನ ಮಗಳು ಅಂತ ಹೇಳಲಿಲ್ಲ, ಯಾರೋ ಒಬ್ಬಳು ಅಂದೆ. ಆಕೆಗೆ ಗೊತ್ತಾಗಿರಬೇಕು, ನನ್ನ ಕೈ ಹಿಡಿದುಕೊಂಡೇ ಹೇಳಿದರು. ವಿಷದ ಗಾಳಿ ಕುಡಿದರೂ ಮುಖ ಹಾಗೆ ಕೆಂಪಾಗಿ ಉಳಿಯುತ್ತದಂತೆ. ಗ್ಯಾಸು, ಹೊಗೆ, ಅಂಥದ್ದು.

ಮುಚ್ಚಿದ ಬಾಗಿಲು. ಒಳಗಿನಿಂದ ಚಿಲಕ. ಗ್ಯಾಸು. ನೀನು ಹೇಳದೇ ಬಿಟ್ಟದ್ದನ್ನು ನಾನೇ ಓದಿಕೊಂಡೆ.

ಈಗ ನಾನು ಹೇಳದೇ ಇದ್ದದ್ದನ್ನು ಕೇಳು. ಹೊಸ ವರ್ಷ ಆದ ಮೇಲೆ ಅವಳು ನನಗೆ ಮೂರು ನಾಲ್ಕು ಸಲ ಫೋನು ಮಾಡಿದಳು. "ಅಮ್ಮ, ಈ ಮನೆ ನಂಗೆ ಆಗ್ತಿಲ್ಲ. ಯಾವಾಗ್ಲೂ ತಲೆನೋವು. ಸ್ನಾನ ಮಾಡಿ ಬಂದ್ರೆ ಆಯಾಸ ಹೋಗ್ಬೇಕಲ್ವಾ, ನಂಗೆ ಜಾಸ್ತಿ ಆಗತ್ತೆ. ವಾಂತಿ ಬಂದ ಹಾಗೆ ಆಗತ್ತೆ. ನಾನು ವಾಪಸ್ ಬಂದ್ಬಿಡ್ಲಾ?" ಅಂದಳು. ನಾನು ನಕ್ಕೆ. ಮನೆ ನೆನಪಾದರೆ ತಲೆನೋವು ಬರುವುದು ಎಲ್ಲರಿಗೂ ಇದ್ದದ್ದೇ ಅಂದೆ. ಕೊನೆಯ ಸಲ ಕೇಳಿದಾಗ ರೇಗಿದೆ. "ಹೋಗಿ ಒಂದು ವರ್ಷ ಆಗಿಲ್ಲ, ಆಗ್ಲೇ ಓಡಿ ಬಂದ್ರೆ ಜನ ಏನಂತಾರೆ? ಸ್ವಲ್ಪ ತಡ್ಕೋ" ಅಂದೆ. ಅವಳು ಸುಮ್ಮನಾದಳು. ನಮ್ಮ ಬುಗುರಿ ಸುಮ್ಮನಾಗುವುದು ಅಂದರೆ ಏನು ಅಂತ ನನಗೆ ಆಗ ಹೊಳೆಯಲಿಲ್ಲ.

ಅವಳು ತಾನೇ ಚಿಲಕ ಹಾಕಿಕೊಂಡು ಗ್ಯಾಸು ಬಿಟ್ಟುಕೊಂಡಳೇ? ಹೌದಾದರೆ ಹೌದು ಅನ್ನು. ನಿಮ್ಮ ಭಾವನಿಗೆ ನಾನು ಏನೂ ಹೇಳಿಲ್ಲ. ಅವರಿಗೆ ತಟ್ಟೆ ಇಟ್ಟು ಬಡಿಸುವಾಗಲೆಲ್ಲ, ಇವರ ಮಗಳನ್ನು ಕೊಂದ ಕೈ ಇವರಿಗೆ ಬಡಿಸುತ್ತಿದೆ ಅನಿಸುತ್ತದೆ.

ನನ್ನನ್ನು ಕಾಪಾಡಬೇಡ. ಹೇಳು.

ಅಕ್ಕ


ಮಾರ್ಚ್ 25

ಅಕ್ಕಾ,

ಇಲ್ಲ. ಇಲ್ಲ ಅಕ್ಕಾ. ಅವಳು ತಾನಾಗಿ ಏನೂ ಮಾಡಿಕೊಳ್ಳಲಿಲ್ಲ. ಮೊದಲು ಈ ಸಾಲನ್ನು ಓದು, ಸುಧಾರಿಸಿಕೊ, ಆಮೇಲೆ ಮುಂದೆ ಓದು.

ನಿನ್ನ ಕಾಗದವನ್ನು ಕಾರ್ಖಾನೆಯಲ್ಲಿ ಬಟ್ಟೆ ಸುರುಳಿಗಳ ಹಿಂದೆ ನಿಂತು ಓದಿದೆ. ನಿನಗೆ ನೋವಾಗದಿರಲಿ ಅಂತ ಒಂದು ಸುಳ್ಳು ಹೇಳಿದೆ ಅಂದುಕೊಂಡಿದ್ದೆ. ನಿನಗಾಗಿ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಸುಳ್ಳು ನಿನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡು.

ನಡೆದದ್ದು ಹೀಗೆ. ಅವತ್ತು ಅವಳಿಗೆ ರಜೆ. ಸಲೂನಿನ ಹುಡುಗಿ ಮಧ್ಯಾಹ್ನ ಊಟಕ್ಕೆ ಬಂದಾಗ ಬಚ್ಚಲಿನಲ್ಲಿ ನೀರು ಹರಿಯುತ್ತಿತ್ತು, ಕರೆದರೆ ಉತ್ತರವಿಲ್ಲ. ಹೆದರಿ ಮಾಲೀಕರಿಗೆ ಫೋನು ಮಾಡಿದಳು. ಅವರು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಒಡೆದದ್ದು ಬಚ್ಚಲ ಬಾಗಿಲು. ಭುಜ ಕೊಟ್ಟು ನಾನೇ ಒಡೆದೆ. ಅವಳು ಗೋಡೆಗೆ ಒರಗಿ ಕೂತಿದ್ದಳು ಅಕ್ಕಾ. ಈಗ ತಾನೇ ಎಲ್ಲಿಂದಲೋ ಓಡಿಬಂದವಳ ಹಾಗೆ ಕೆನ್ನೆ ಕೆಂಪಗಿತ್ತು. ನನ್ನನ್ನು ಹೆದರಿಸಲು ಏನೋ ಆಟ ಹೂಡಿದ್ದಾಳೆ ಅಂತ ಒಂದು ಕ್ಷಣ ನನಗೆ ನಗು ಬಂತು. ನಿಜವಾಗಿ ನಗು ಬಂತು.

ಸಲೂನಿನ ಹುಡುಗಿ ಟವೆಲು ಹೊದಿಸಿ ಅವಳನ್ನು ತಟ್ಟಿ ಎಬ್ಬಿಸುತ್ತಿದ್ದಳು. ಅಷ್ಟರಲ್ಲಿ ಅಧ್ಯಕ್ಷರು ನನ್ನ ತೋಳು ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋದರು. ಬಚ್ಚಲ ಗೋಡೆಗೆ ಗ್ಯಾಸ್ ಗೀಸರ್ ಇದೆ. ಅದರ ಹೊಗೆ ಹೋಗುವ ಕೊಳವೆ ಮೊದಲು ಹಿಂದಿನ ಬಾಲ್ಕನಿಗೆ ತೆರೆದುಕೊಳ್ಳುತ್ತಿತ್ತು. ಇನ್ನೊಬ್ಬರಿಗೆ ಬಾಡಿಗೆಗೆ ಕೊಡಬಹುದು ಅಂತ ಆ ಬಾಲ್ಕನಿಗೆ ಹಲಗೆ ಹೊಡೆಸಿ ಕೋಣೆ ಮಾಡಿದ್ದರು. ಅಲ್ಲಿಗೆ ಬಂದವರು ಬಿಸಿಗಾಳಿ, ವಾಸನೆ ಅಂತ ದೂರಿದ್ದಕ್ಕೆ ಕೊಳವೆಯ ಬಾಯಿಗೆ ಸ್ಪಂಜು ತುರುಕಿಸಿದ್ದಾರೆ. ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ದಿನಾ ಬಚ್ಚಲಿಗೇ ಹಿಂತಿರುಗುತ್ತಿತ್ತು. ಅವಳ ತಲೆನೋವು ಅದೇ.

"ಕಿತ್ತುಬಿಡು ಅದನ್ನ, ಗಾಳಿ ಆಡ್ಲಿ, ಬೇಗ" ಅಂದರು. ನಾನು ಕಿತ್ತೆ. ಗಾಳಿ ಆಡಿದರೆ ಅವಳು ಉಸಿರಾಡುತ್ತಾಳೆ ಅಂತ ಕಿತ್ತೆ. ಬೂದು ಬಣ್ಣದ ಸ್ಪಂಜು, ನಮ್ಮ ಕಾರ್ಖಾನೆಯದು. ಅಂಚು ನೋಡಿದರೆ ನನಗೆ ಗೊತ್ತಾಗುತ್ತದೆ. "ಕಾರಲ್ಲಿ ಹಾಕು" ಅಂದರು. ಹಾಕಿದೆ. ಯಾಕೆ ಅಂತ ಕೇಳಲಿಲ್ಲ. ಆಮೇಲೆ ಆಂಬ್ಯುಲೆನ್ಸಿನವರು ಬಂದರು, ಪೊಲೀಸರು ಬಂದರು. ಅವರು ನೋಡುವಾಗ ಕೊಳವೆ ತೆರೆದೇ ಇತ್ತು.

ಆ ಸ್ಪಂಜು ಕಾರ್ಖಾನೆಯ ಚೂರುಗಳ ರಾಶಿಗೆ ಹೋಯಿತು. ಚೂರುಗಳನ್ನು ನಾವು ಯಂತ್ರಕ್ಕೆ ಹಾಕಿ ಹರಿದು ದಿಂಬಿಗೆ ತುಂಬುತ್ತೇವೆ. ಈಗ ಅದು ಯಾರದೋ ಮನೆಯ ದಿಂಬಿನೊಳಗಿದೆ. ಯಾರೋ ತಲೆಯಿಟ್ಟು ಮಲಗುತ್ತಿದ್ದಾರೆ.

ಪೊಲೀಸರು, ಹಳೆಯ ಗೀಸರು, ಹುಡುಗಿ ಕಿಟಕಿ ಮುಚ್ಚಿಕೊಂಡು ಸ್ನಾನ ಮಾಡಿದ್ದಾಳೆ, ಅದರಿಂದ ಅವಘಡ ಅಂತ ಬರೆದುಕೊಂಡಿದ್ದಾರೆ. ಆಗಸ್ಟಿನಲ್ಲಿ, ಇಲ್ಲಿಯ ಬೇಸಿಗೆಯಲ್ಲಿ, ಕೊನೆಯ ವಿಚಾರಣೆ. ಆ ದಿನಗಳಲ್ಲೇ ಅಧ್ಯಕ್ಷರು ಸಂಘದ ನಾಲ್ಕು ಜನರನ್ನು ಕೂರಿಸಿ, "ಅವರ ಮನೆಯವರಿಗೆ ಹೃದಯ ಅಂತ ಹೇಳೋಣ, ಪಾಪ, ಇನ್ನೂ ಯಾಕೆ ನೋಯಿಸೋದು" ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

ಇದಿಷ್ಟು. ನಿನ್ನ ಮುಂದೆ ಇದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ.

ತಮ್ಮ


ಏಪ್ರಿಲ್ 8

ನಿನ್ನ ಕಾಗದ ಬಂತು.

ಮೊದಲ ಸಾಲು ಓದಿ ಅಡುಗೆಮನೆಯ ನೆಲದ ಮೇಲೆ ಮಲಗಿಬಿಟ್ಟೆ. ಹಾಗೇ ನಿದ್ದೆ ಬಂದುಬಿಟ್ಟಿತು. ಎಷ್ಟೋ ವಾರಗಳ ಮೇಲೆ ಬಂದ ನಿದ್ದೆ. ಮಗಳು ಬೇರೆ ಕಾರಣದಿಂದ ಸತ್ತಳು ಅಂತ ತಿಳಿದು ತಾಯಿಗೆ ನಿದ್ದೆ ಬಂತು. ಇಂಥ ನಿದ್ದೆ ಯಾವ ಹೆಂಗಸಿಗೂ ಬರಬಾರದು.

ಎದ್ದ ಮೇಲೆ ಮಿಕ್ಕದ್ದು ಓದಿದೆ.

ನಿಮ್ಮ ಭಾವ ಕೆಲಸದಿಂದ ಬಂದಾಗ ಕೈಗೆ ಕೊಟ್ಟೆ. ನಿಂತೇ ಓದಿದರು. "ಇವನ ಕೈಯಲ್ಲೇ ತೆಗೆಸಿದ್ನಾ?" ಅಂದರು. ಕಾಗದ ಮಡಚಿ ನನ್ನ ಕೈಗೆ ಕೊಡುತ್ತಾ, "ಇವನು ಹೇಳ್ತಾನಾ, ಅಲ್ಲಿ, ವಿಚಾರಣೇಲಿ?" ಅಂದರು. ಗೊತ್ತಿಲ್ಲ ಅಂದೆ. ಮಾರನೆಯ ದಿನ ಕಾರು ಕಲಿಯಲು ಬಂದ ಹುಡುಗಿಯೊಬ್ಬಳು ನೇರವಾಗಿ ಹೋಗಿ ಗೇಟಿಗೆ ಗುದ್ದಿದಳಂತೆ. ಇವರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದಲ್ಲ, ಇವರು ಒತ್ತಲೇ ಇಲ್ಲವಂತೆ. ಅವಳಿಗೆ ಏನೂ ಆಗಲಿಲ್ಲ. ಶಾಲೆಯವರು ಇವರನ್ನು ಸ್ವಲ್ಪ ದಿನ ಮನೆಯಲ್ಲಿರಿ ಅಂದಿದ್ದಾರೆ.

ಕಿಟಕಿ ಮುಚ್ಚಿಕೊಂಡಳು ಅಂತ ಬರೆದುಕೊಂಡಿದ್ದಾರೆ ಅಲ್ಲವೇ? ಚಳಿಗಾಲದಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ನಿಂತ ಯಾವ ಹುಡುಗಿ ಕಿಟಕಿ ತೆರೆದಿಟ್ಟುಕೊಳ್ಳುತ್ತಾಳೆ? ಕಿಟಕಿ ಮುಚ್ಚಿದ್ದು ತಪ್ಪು, ಕೊಳವೆ ಮುಚ್ಚಿದ್ದು ತಪ್ಪಲ್ಲ. ನನ್ನ ಮಗಳನ್ನು ಅವಳ ಸಾವಿಗೆ ಅವಳನ್ನೇ ಹೊಣೆ ಮಾಡಿ ಮುಗಿಸುತ್ತಿದ್ದಾರೆ, ನೀನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದೀಯ. ಆ ಮೈಕಪ್ಪ ಸಭೆಯಲ್ಲಿ ಅತ್ತರು ಅಂತ ಬರೆದಿದ್ದೆಯಲ್ಲ, ಯಾವ ಕಣ್ಣಿನಿಂದ ಅತ್ತರು?

ನೀನು ಹೇಳಬೇಕು ಅಂತ ನಾನು ಹೇಳುವುದಿಲ್ಲ. ಹೇಳಿಸಿಕೊಂಡು ಹೇಳುವುದಾದರೆ ಹೇಳಬೇಡ.

ಇನ್ನೊಂದು ಮಾತು ಮಾತ್ರ ಕೇಳುತ್ತೇನೆ. ಕೋಣೆಗೆ ಹೊಸ ಬಣ್ಣ ಬಳಿಸುತ್ತಿದ್ದಾರೆ ಅಂತ ಜನವರಿಯಲ್ಲೇ ಬರೆದಿದ್ದೆ. ಬಣ್ಣ ಬಳಿಸಿದವರು ಖಾಲಿ ಬಿಡಲು ಬಳಿಸಿರುವುದಿಲ್ಲ.

ಆ ಕೋಣೆಯಲ್ಲಿ ಈಗ ಯಾರಿದ್ದಾರೆ?


ಏಪ್ರಿಲ್ 26

ನಿನ್ನಿಂದ ಉತ್ತರ ಬಂದಿಲ್ಲ. ಆ ಕೋಣೆಯಲ್ಲಿ ಈಗ ಯಾರಿದ್ದಾರೆ?


ಮೇ 11

ಅಕ್ಕಾ,

ಏಪ್ರಿಲಿನಲ್ಲಿ ನೀನು ಬರೆದ ಮೊದಲ ಕಾಗದ ನನ್ನ ಜೇಬಿನಲ್ಲೇ ಇತ್ತು. ಆ ಬೀದಿಯ ತಿರುವಿನವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಎರಡನೆಯ ಕಾಗದ ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಅವಳಿಗೆ ಗೀಸರಿನ ವಿಷಯ ಗೊತ್ತಿತ್ತು, ಸ್ಪಂಜಿನ ವಿಷಯ ಗೊತ್ತಿರಲಿಲ್ಲ.

"ಯಾವ ಕೋಣೆ? ಅತ್ತಿಗೆ ಯಾಕೆ ಹೀಗೆ ಬರೆದಿದಾರೆ? ಹೇಳ್ರೀ" ಅಂದಳು. ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಒಲೆ ಆರಿಸಿ, ಮಕ್ಕಳನ್ನು ಪಕ್ಕದ ಮನೆಗೆ ಬಿಟ್ಟು ಬಂದು, "ಚಪ್ಪಲಿ ಹಾಕ್ಕೊಳ್ಳಿ" ಅಂದಳು.

ಬಾಗಿಲು ತೆಗೆದದ್ದು ಒಬ್ಬ ಹುಡುಗಿ, ಬೇಕರಿಯಲ್ಲಿ ಕೆಲಸ. ಒಳಗೆ ಇನ್ನೊಬ್ಬಳು ಮಂಚದ ಮೇಲೆ ಮಲಗಿದ್ದಳು, ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು. ಇಬ್ಬರೂ ನಮ್ಮವರೇ, ಬಂದು ತಿಂಗಳ ಮೇಲಾಗಿದೆ. "ಇವಳಿಗೆ ಏನಾಗಿದೆ?" ಅಂತ ನನ್ನ ಹೆಂಡತಿ ಕೇಳಿದಳು.

"ಏನಿಲ್ಲ ಅಕ್ಕ, ಸ್ನಾನಕ್ಕೆ ಹೋದ್ರೆ ತಲೆ ತಿರುಗತ್ತೆ ಅಂತಾಳೆ. ಸರಿಯಾಗಿ ಊಟ ಮಾಡಲ್ಲ ಇವಳು, ಅದಕ್ಕೇ. ನಾನು ದಿನಾ ಬೈತೀನಿ" ಅಂದಳು ಬೇಕರಿಯ ಹುಡುಗಿ.

ನನ್ನ ಹೆಂಡತಿ ಬಚ್ಚಲ ಬಾಗಿಲು ತೆರೆದಳು. ಗೀಸರು ಹೊಸದು, ಹೊಳೆಯುತ್ತಿತ್ತು. ಎದುರು ಕಟ್ಟಡದಿಂದ ಕಾಣುತ್ತದೆ ಅಂತ ಹುಡುಗಿಯರು ಕಿಟಕಿಗೆ ಕಾಗದ ಅಂಟಿಸಿ ಮುಚ್ಚಿದ್ದರು. ನಾನು ಹಿಂದಿನ ಹಲಗೆ ಕೋಣೆಗೆ ಹೋದೆ. ಅಲ್ಲಿರುವವರು ಕೆಲಸಕ್ಕೆ ಹೋಗಿದ್ದರು. ಬಟ್ಟೆ ನೇತುಹಾಕಿದ್ದನ್ನು ಸರಿಸಿ ನೋಡಿದೆ. ಕೊಳವೆ ಅದೇ. ಬಾಯಿಗೆ ಸ್ಪಂಜು. ಹಸಿರು ಬಣ್ಣದ್ದು. ಕಳೆದ ತಿಂಗಳು ನಮ್ಮ ಕಾರ್ಖಾನೆಗೆ ಬಂದ ಹೊಸ ಲೋಡಿನದು. ಅದನ್ನು ಲಾರಿಯಿಂದ ಇಳಿಸಿಕೊಂಡವನು ನಾನು.

ಬುಗುರಿ ಸತ್ತ ಮೇಲೆ, ಅದೇ ಕೊಳವೆಗೆ, ಮತ್ತೆ. ಕಿತ್ತು ಎಸೆಯಲು ಕೈ ಎತ್ತಿದೆ. ಎತ್ತಿದ ಕೈಯನ್ನು ಹಾಗೇ ಇಳಿಸಿದೆ. ಈ ಸಲ ಮುಟ್ಟಲಿಲ್ಲ.

ಗ್ಯಾಸು ಬಂದ್ ಮಾಡಿದೆ. ಹುಡುಗಿಯರಿಗೆ ಬಟ್ಟೆ ತಗೊಂಡು ನಮ್ಮ ಮನೆಗೆ ಬನ್ನಿ ಅಂದೆ. ಅವರು ಹೆದರಿ ಒಬ್ಬರ ಮುಖ ಒಬ್ಬರು ನೋಡಿದರು. "ಈ ಕೋಣೇಲಿ ಮುಂಚೆ ನನ್ನ ಅಕ್ಕನ ಮಗಳಿದ್ಲು" ಅಂದೆ. ಮಲಗಿದ್ದವಳು ಎದ್ದು ಕೂತು, "ಹೌದಾ? ಈಗೆಲ್ಲಿದಾಳೆ?" ಅಂದಳು.

ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮವರಲ್ಲಿ ಒಬ್ಬರೂ.

ನನ್ನ ಹೆಂಡತಿ ಹುಡುಗಿಯರನ್ನು ಕರೆದುಕೊಂಡು ಹೋದಳು. ನಾನು ವಿಚಾರಣೆಯ ಕಚೇರಿಗೆ ಹೋದೆ. ಬುಗುರಿಯ ಕಡತ ನೋಡುತ್ತಿರುವ ಅಧಿಕಾರಿ ಒಬ್ಬ ಹೆಂಗಸು. ನನ್ನ ಹರಕು ಮುರುಕು ಭಾಷೆಯಲ್ಲಿ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, "ನಿನ್ನ ಕೈಯಿಂದಲೇ ತೆಗೆದೆಯಾ?" ಅಂತ ಕೇಳಿದರು. ಹೌದು ಅಂದೆ. "ಇದನ್ನು ಹೇಳಿದರೆ ನಿನಗೇನಾಗುತ್ತದೆ ಗೊತ್ತಾ?" ಅಂದರು. ಗೊತ್ತು ಅಂದೆ. ನಿಜವಾಗಿ ಗೊತ್ತಿರಲಿಲ್ಲ. ಅವತ್ತೇ ಅವರು ಕಚೇರಿಯ ಇಬ್ಬರನ್ನು ಕರೆದುಕೊಂಡು ಆ ಮನೆಗೆ ಬಂದು, ಫೋಟೋ ತೆಗೆಸಿ, ಕೈಗೆ ಗವಸು ಹಾಕಿಕೊಂಡು ಆ ಸ್ಪಂಜನ್ನು ತಾವೇ ಹೊರಗೆಳೆದರು.

ಸಂಜೆ ಮೈಕಪ್ಪ ಮನೆಗೆ ಬಂದರು. ಹೌದು, ಇನ್ನು ನಾನೂ ಹಾಗೇ ಕರೆಯುತ್ತೇನೆ. ಬೂಟು ಬಿಚ್ಚದೆ ಒಳಗೆ ಬಂದರು.

"ಕಿತ್ತಿದ್ದು ನೀನು. ನಿನ್ನ ಕೈ. ಒಳಗೆ ಹೋಗೋದು ನೀನೇ" ಅಂದರು.

"ಹೋಗ್ತೀನಿ."

"ನಾಳೆಯಿಂದ ಕೆಲಸಕ್ಕೆ ಬರ್ಬೇಡ. ಕೆಲಸ ಇಲ್ಲ ಅಂದ್ರೆ ಪರವಾನಗಿ ಇಲ್ಲ. ನಿನ್ನ ಮಕ್ಕಳು ಶಾಲೆ ಬಿಡ್ಬೇಕಾಗತ್ತೆ. ಯೋಚನೆ ಮಾಡಿದೀಯಾ? ಅದೊಂದು ಅವಘಡ ಕಣಯ್ಯಾ. ನಾನೇನು ಬೇಕು ಅಂತ ಮಾಡಿದ್ನಾ?"

"ಮೊದಲನೇದು ಅವಘಡ ಅನ್ನಿ. ಎರಡನೇದು?" ಅಂದೆ.

ಅಷ್ಟರಲ್ಲಿ ಒಳಗಿನಿಂದ ಆ ಹುಡುಗಿಯರ ಮಾತು ಕೇಳಿಸಿತು. ನನ್ನ ಹೆಂಡತಿ ಹೊರಗೆ ಬಂದು, "ಇಬ್ರೂ ಊಟಕ್ಕೆ ಕೂತಿದಾರೆ. ಮಾತಾಡಿಸ್ತೀರಾ?" ಅಂತ ಕೇಳಿದಳು. ಅವರು ಮೆಟ್ಟಿಲಿಳಿದು ಹೋದರು.

ನೀನು ಕೇಳದೇ ಇದ್ದಿದ್ದರೆ ನಾನು ಆ ಬೀದಿಗೆ ಹೋಗುತ್ತಲೇ ಇರಲಿಲ್ಲ. ಇದನ್ನು ಬರೆಯದೆ ಇರಲಾಗಲಿಲ್ಲ.

ತಮ್ಮ


ಆಗಸ್ಟ್ 19

ಅಕ್ಕಾ,

ವಿಚಾರಣೆ ಮುಗಿಯಿತು. ಕೊಳವೆ ಮುಚ್ಚಿಸಿದ್ದೇ ಸಾವಿಗೆ ಕಾರಣ ಅಂತ ಬರೆದಿದ್ದಾರೆ. ಅದರ ಪ್ರತಿಯನ್ನು ಬೇರೆ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ. ಮೈಕಪ್ಪನ ಮೇಲೆ ಮೊಕದ್ದಮೆ ನಡೆಯುತ್ತದೆ, ಮನೆಗೆ ಬೀಗ ಬಿದ್ದಿದೆ. ಸಂಘದವರು ಅವರನ್ನು ತೆಗೆದಿಲ್ಲ, "ಸದ್ಯಕ್ಕೆ ವಿಶ್ರಾಂತಿ" ಅಂತ ಪ್ರಕಟಿಸಿದ್ದಾರೆ.

ಸಾಕ್ಷ್ಯ ಹೇಳಲು ನಮ್ಮವರಲ್ಲಿ ಬಂದವಳು ಸಲೂನಿನ ಹುಡುಗಿ ಒಬ್ಬಳೇ. ಅಧ್ಯಕ್ಷರು ಕೂರಿಸಿದ್ದ ಆ ನಾಲ್ಕು ಜನ ಅಂಥ ಸಭೆಯೇ ನಡೆದಿಲ್ಲ ಅಂದರು. ಅದರಲ್ಲಿ ಒಬ್ಬ ನನ್ನ ಮಗನ ಹುಟ್ಟಿದ ಹಬ್ಬಕ್ಕೆ ಪ್ರತಿ ವರ್ಷ ಬರುತ್ತಿದ್ದವನು. ಈಗ ರಸ್ತೆಯಲ್ಲಿ ಕಂಡರೆ ಆ ಕಡೆಯ ಫುಟ್‌ಪಾತಿಗೆ ದಾಟುತ್ತಾನೆ.

ಸ್ಪಂಜು ಕಿತ್ತು ಸಾಕ್ಷ್ಯ ಅಳಿಸಿದ್ದಕ್ಕೆ ನನಗೂ ಶಿಕ್ಷೆಯಾಯಿತು. ತಾನಾಗಿ ಬಂದು ಹೇಳಿದ್ದಾನೆ ಅಂತ ಜೈಲಿಗೆ ಕಳಿಸಲಿಲ್ಲ. ದೇಶ ಬಿಡಬೇಕು. ಆ ಇಬ್ಬರು ಹುಡುಗಿಯರಿಗೆ ಬೇರೆ ಕಡೆ ಮನೆ ಸಿಕ್ಕಿದೆ. ತಲೆ ತಿರುಗುವುದು ನಿಂತಿದೆಯಂತೆ.

ಮಕ್ಕಳನ್ನು ಕರೆದುಕೊಂಡು ಮುಂದಿನ ತಿಂಗಳು ಬರುತ್ತೇವೆ. ಹೆಂಡತಿಯ ತವರಿಗೆ ಹೋಗಬಹುದು. ನಿನ್ನ ಮನೆಗೆ ಬರಬಹುದೇ ಅಂತ ಕೇಳಲು ನನಗೆ ಬಾಯಿಲ್ಲ. ನನ್ನನ್ನು ಕ್ಷಮಿಸಿದೆಯಾ ಅಂತ ಕೇಳಲೂ ಇಲ್ಲ. ಆದರೂ ಕೇಳುತ್ತಿದ್ದೇನೆ.

ತಮ್ಮ


ಸೆಪ್ಟೆಂಬರ್ 3

ತಮ್ಮಾ,

ಪ್ರತಿ ಬಂತು. ಡಾಕ್ಟರಮ್ಮ ಕೂತು ಸಾಲು ಸಾಲಾಗಿ ನಮ್ಮ ಭಾಷೆಯಲ್ಲಿ ಹೇಳಿದರು. ಕಿಟಕಿಯ ಮಾತು ಎಲ್ಲಿದೆ ಅಂತ ನಿಮ್ಮ ಭಾವ ಎರಡು ಸಲ ಹುಡುಕಿಸಿದರು. ಎಲ್ಲೂ ಇಲ್ಲ.

ನೀನು ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿಲ್ಲ. ಯಾವುದೋ ಹೆತ್ತವರ ಇಬ್ಬರು ಹೆಣ್ಣುಮಕ್ಕಳು ಬದುಕಿದ್ದಾರೆ ಅಂತ ದಿನಾ ನೆನೆಯುತ್ತೇನೆ. ಅದಕ್ಕೆ ಸಂತೋಷಪಡಬೇಕು ಅಂತಲೂ ಗೊತ್ತು. ಇನ್ನೂ ಬಂದಿಲ್ಲ ಸಂತೋಷ. ನೀನು ಮಾರ್ಚ್‌ನಲ್ಲಿ ಬರೆದದ್ದನ್ನು ಜನವರಿಯಲ್ಲಿ ಬರೆದಿದ್ದರೆ ನನ್ನ ಮಗಳೇನೂ ಬರುತ್ತಿರಲಿಲ್ಲ, ಆದರೆ ನಾನು ಅಷ್ಟು ದಿನ ನನ್ನ ಕೈ ನೋಡಿಕೊಂಡು ಕೂರುತ್ತಿರಲಿಲ್ಲ. ಇದನ್ನು ನಿನಗೆ ಹೇಳದೆ ಬಿಟ್ಟರೆ ನಾನೂ ನಿನ್ನ ಹಾಗೆ ಮಾಡಿದಂತಾಗುತ್ತದೆ. ಅದಕ್ಕೇ ಹೇಳಿದೆ.

ನಿನ್ನ ಹೆಂಡತಿಗೆ ನಾನು ಬೇರೆಯೇ ಬರೆಯುತ್ತೇನೆ.

ತವರಿಗೆ ಗಿವರಿಗೆ ಬೇಡ. ಇಲ್ಲಿಗೆ ಬನ್ನಿ. ನಿಮ್ಮ ಭಾವ ಕಾರು ತಗೊಂಡು ಬರುತ್ತಾರೆ. ದಾರಿಯಲ್ಲಿ ಅವರು ಏನೂ ಕೇಳುವುದಿಲ್ಲ, ಅವರ ಸ್ವಭಾವ ನಿನಗೆ ಗೊತ್ತು. ನೀನೇ ಹೇಳಬೇಕು. ಮೊದಲಿನಿಂದ, ಏನೂ ಬಿಡದೆ. ಕಾಗದ ಓದಿದ್ದಾರೆ, ಆದರೆ ನಿನ್ನ ಬಾಯಿಂದ ಕೇಳಬೇಕಂತೆ. ಮಕ್ಕಳು ನಿದ್ದೆ ಹೋದ ಮೇಲೆ ಹೇಳು.

ನಾನು ಎದುರುಗೊಳ್ಳಲು ಬರುವುದಿಲ್ಲ. ಮನೆಯಲ್ಲಿ ಅಡುಗೆ ಮಾಡಿಟ್ಟುಕೊಂಡು ಇರುತ್ತೇನೆ. ಎಲ್ಲರಿಗೂ ಬಡಿಸುತ್ತೇನೆ, ನಿನಗೂ. ನಿನ್ನ ಮುಖ ನೋಡಿ ಬಡಿಸುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಬಡಿಸುತ್ತಾ ಬಡಿಸುತ್ತಾ ಏನಾದರೂ ಅಂದೇನು, ಇಲ್ಲವೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೇನು.

ನೀನು ಮಾತ್ರ ಊಟ ಅರ್ಧಕ್ಕೆ ಬಿಟ್ಟು ಏಳಬೇಡ.

ಅಕ್ಕ